ಉದ್ದ ಹಾಡಿನ ಅಳತೆಗೋಲು

ಪ್ರಶ್ನೆ: ಪ್ರೋಗ್ರೆಸ್ಸಿವ್ ರಾಕ್‌ನ ಹಳೆಯ ಆಲ್ಬಂಗಳನ್ನು ಈಚೆಗೆ ಕೇಳತೊಡಗಿದ್ದೇನೆ. ಒಂದೊಂದು ಪಟ್ಟಿ ಒಂದೊಂದನ್ನು ಮೊದಲ ಸ್ಥಾನದಲ್ಲಿ ಕೂರಿಸುತ್ತದೆ. ಶ್ರೇಷ್ಠವಾದದ್ದು ಯಾವುದೆಂದು ತೀರ್ಮಾನಿಸುವುದು ಹೇಗೆ?
– ಓದುಗರೊಬ್ಬರು, ಮೇಲವಂಕಿ

ಉತ್ತರ: ಇದಕ್ಕೆ ಬೇಕಾದ ಕಿವಿ ನಿಮ್ಮ ಸೀಮೆಯವರಿಗೆ ಮೊದಲೇ ಇದೆ. ಕುಲಗೋಡ ತಮ್ಮಣ್ಣನ ಬಯಲಾಟ ‘ಶ್ರೀಕೃಷ್ಣ ಪಾರಿಜಾತ’ ಬೆಳೆದದ್ದು, ಅದನ್ನಾಡಿ ಕೌಜಲಗಿ ನಿಂಗಮ್ಮ ಹೆಸರು ಮಾಡಿದ್ದು ಅಲ್ಲೇ. ಒಂದು ಹೂವಿನ ಜಗಳ ಬೆಳತನಕ ನಡೆದರೂ ಜನ ಕೂತೇ ಇರುತ್ತಾರೆ. ಹೂವು ರುಕ್ಮಿಣಿಯ ಪಾಲಾದ ಸುದ್ದಿ ಸತ್ಯಭಾಮೆಯ ಕಿವಿಗೆ ಬಿದ್ದ ಮೇಲೆ ಪ್ರತಿ ಪದವೂ ಅವಳ ಸಿಟ್ಟನ್ನು ಒಂದು ಗೇಣು ಏರಿಸುತ್ತದೆ. ಉದ್ದಕ್ಕೆ ಕಾರಣವಿದೆ. ನಾನು ಪ್ರೋಗ್ ಆಲ್ಬಂಗಳನ್ನು ಅಳೆಯುವುದೂ ಇದೇ ಗೋಲಿನಿಂದ: ಇಷ್ಟು ಹೊತ್ತು ಬೇಕಿತ್ತೇ?

ಈ ಗೋಲು ಹಿಡಿದರೆ ನನಗೆ ಮೊದಲು ನಿಲ್ಲುವುದು ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ (1972). ಎಲ್‌ಪಿ ತಟ್ಟೆಯ ಮೊದಲ ಮಗ್ಗುಲು ತುಂಬ ಒಂದೇ ಹಾಡು, 18 ನಿಮಿಷಕ್ಕೂ ಹೆಚ್ಚು. ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯ ಪ್ರೇರಣೆ ಅದಕ್ಕಿದೆ, ಆ ಕಾದಂಬರಿಯಲ್ಲಿ ಗುರುವಾಗುವುದು ಒಂದು ಹೊಳೆ. ಹಾಡು ಶುರುವಾಗುವುದೂ ನೀರು, ಹಕ್ಕಿಗಳ ಸದ್ದಿನಿಂದ. ಆಮೇಲೆ ವಾದ್ಯಗಳೆಲ್ಲ ಒಟ್ಟಿಗೆ ನುಗ್ಗುತ್ತವೆ, ಮೊದಲ ಸಲ ಗದ್ದಲವೆನಿಸುತ್ತದೆ. ನಡುವೆ ಎಲ್ಲ ತಣ್ಣಗಾಗಿ ದನಿಗಳಷ್ಟೇ ಉಳಿದಾಗ ರಿಕ್ ವೇಕ್‌ಮನ್ ನುಡಿಸಿದ ಆರ್ಗನ್ ಎದ್ದುಬರುತ್ತದೆ. ಸ್ಟುಡಿಯೋದ ಕೀಬೋರ್ಡ್ ಸಾಲದೆಂದು ಲಂಡನ್ನಿನ ಒಂದು ಇಗರ್ಜಿಯ ದೊಡ್ಡ ಕೊಳವೆ ಆರ್ಗನ್ನನ್ನೇ ಧ್ವನಿಮುದ್ರಿಸಿ ಸೇರಿಸಿದರು. ಹಿಂದಿನ ಹತ್ತು ನಿಮಿಷ ಕೇಳದವರಿಗೆ ಅದು ಬರೀ ದೊಡ್ಡ ಸದ್ದು, ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಕೊನೆಗೆ ಮತ್ತೆ ನೀರು, ಹಕ್ಕಿ.

ಮಾರಾಟವನ್ನೇ ನೋಡುವುದಾದರೆ ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಎದುರು ಯಾರೂ ನಿಲ್ಲರು. 1988ರ ಹೊತ್ತಿಗೆ ಅದು ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಕಳೆದಿತ್ತು. ನನಗೆ ಅದು ಹಿಡಿಸುವುದು ಬೇರೆ ಕಾರಣಕ್ಕೆ. ‘ಮನಿ’ ಹಾಡು ಕೇಳಿ. ನಾಣ್ಯದ ಝಣ್, ಕಾಗದ ಹರಿಯುವ ಪರ್, ಗಲ್ಲಾಪೆಟ್ಟಿಗೆಯ ಟಣ್ ಎಂದು ಏಳು ಸದ್ದುಗಳ ಟೇಪಿನ ತುಂಡುಗಳನ್ನು ಅಳೆದು, ಅಂಟಿಸಿ, ಸುತ್ತು ಮಾಡಿ ಓಡಿಸಿದ್ದಾರೆ. ತಬಲಾದ ರೂಪಕ ತಾಳ ಬಲ್ಲವರು ಆ ಏಳು ಮಾತ್ರೆಯನ್ನು ತೊಡೆ ತಟ್ಟಿಯೇ ಎಣಿಸಬಹುದು. ಗಿಟಾರಿನ ಸರದಿ ಬಂದಾಗ ಏಳು ಹೋಗಿ ನಾಲ್ಕಾಗುತ್ತದೆ, ಕಟ್ಟು ಬಿಚ್ಚಿದ ಕುದುರೆಯ ಹಾಗೆ. ಇಲ್ಲಿ ತಾಳದ ಲೆಕ್ಕ ಹಾಡಿನ ಕೆಲಸ ಮಾಡುತ್ತಿದೆ. ಬೆರಳಿನ ವೇಗ ತೋರಿಸಲೆಂದೇ ಮಾತ್ರೆ ಬದಲಿಸುವ ಆಲ್ಬಂಗಳಿಗೆ ನಾನು ಅಂಕ ಕೊಡುವುದಿಲ್ಲ.

ಜೆತ್ರೊ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ (1972) ಎರಡೂ ಮಗ್ಗುಲಿಗೆ ಒಂದೇ ಹಾಡನ್ನು ಹಬ್ಬಿಸಿದೆ. ಮೊದಲ ಮಗ್ಗುಲಿಗೆ ಸೋತಿದ್ದೇನೆ. ಎರಡನೆಯದರಲ್ಲಿ ಕೆಲವು ಕಡೆ ಎಳೆದರೆನಿಸುತ್ತದೆ.

ಈ ವಾರ ‘ಕ್ಲೋಸ್ ಟು ದಿ ಎಡ್ಜ್’ ಕೇಳಿ, ನಡುವೆ ನಿಲ್ಲಿಸಬೇಡಿ. ಆರ್ಗನ್ ಬರುವುದು ಹನ್ನೆರಡನೇ ನಿಮಿಷದ ಸುಮಾರಿಗೆ. ಮರುದಿನ ಆ ಜಾಗದಿಂದಲೇ ಹಚ್ಚಿ ನೋಡಿ, ಎರಡು ಸಲದ ವ್ಯತ್ಯಾಸ ನನಗೆ ಬರೆಯಿರಿ.