ಗ್ರಾಹಕಕ್ಕೆ ದಾರಿ ತೋರಿಸುವ ಸಹಾಯಕ ಪ್ರೋಟೀನು

ಗೆಳೆಯರೇ, ಮಲ್ಲಿಗೆಯ ವಾಸನೆ ನಮಗೆ ಹೇಗೆ ತಿಳಿಯುತ್ತದೆ? ಮೂಗಿನಿಂದ ಅಂತ ಎಲ್ಲರೂ ಹೇಳುತ್ತೀರಿ. ಮೂಗಿನ ಒಳಗೆ ಏನು ನಡೆಯುತ್ತದೆ ಎಂದು ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ವಿಜ್ಞಾನ ಪುಸ್ತಕದಲ್ಲಿರುವ ಜೀವಕೋಶದ ಚಿತ್ರವನ್ನು ಮುಂದಿಟ್ಟುಕೊಂಡು ಓದಿರಿ.

ಮೂಗಿನ ಮೇಲ್ಭಾಗದಲ್ಲಿ ವಾಸನೆ ಗ್ರಹಿಸುವ ನರಕೋಶಗಳಿವೆ. ಅವುಗಳ ತುದಿಯಲ್ಲಿ ಕೂದಲಿಗಿಂತ ಸಣ್ಣ ಎಳೆಗಳಿವೆ. ಆ ಎಳೆಗಳ ಪೊರೆಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳು ಕೂತಿರುತ್ತವೆ. ವಾಸನೆಯ ಕಣ ಬಂದು ತನಗೆ ಹೊಂದುವ ಗ್ರಾಹಕಕ್ಕೆ ತಗುಲಿದರೆ ಮೆದುಳಿಗೆ ಸುದ್ದಿ ಹೋಗುತ್ತದೆ. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ.

ಗ್ರಾಹಕ ಹುಟ್ಟುವುದು ಮಾತ್ರ ಪೊರೆಯ ಮೇಲಲ್ಲ, ಕೋಶದ ಒಳಗೆ. ಅದರ ಪ್ರಯಾಣ ಹೀಗಿದೆ:

1. ರೈಬೋಸೋಮ್ ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನಿನ ಸರ ಮಾಡುತ್ತದೆ.
2. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಆ ಸರ ಸರಿಯಾಗಿ ಮಡಚಿಕೊಳ್ಳಬೇಕು. ಇಲ್ಲಿ ತಪಾಸಣೆಯೂ ಉಂಟು. ಮಡಿಕೆ ಸರಿಯಿಲ್ಲದ್ದನ್ನು ಮುಂದೆ ಬಿಡುವುದಿಲ್ಲ.
3. ಪಾಸಾದದ್ದು ಸಣ್ಣ ಚೀಲಗಳಲ್ಲಿ ಗಾಲ್ಗಿ ಸಂಕೀರ್ಣಕ್ಕೆ, ಅಲ್ಲಿಂದ ಪೊರೆಗೆ ಹೋಗುತ್ತದೆ.

1991ರಲ್ಲಿ ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಈ ಗ್ರಾಹಕಗಳ ಜೀನ್‌ಗಳನ್ನು ಇಲಿಗಳಲ್ಲಿ ಪತ್ತೆ ಮಾಡಿದರು. ಇದಕ್ಕಾಗಿ 2004ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಯಾವ ಗ್ರಾಹಕಕ್ಕೆ ಯಾವ ವಾಸನೆ ಎಂದು ಪರೀಕ್ಷಿಸಲು ಹೋದವರಿಗೆ ಒಂದು ತೊಡಕು ಎದುರಾಯಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಬೇರೆ ಕೋಶಗಳಿಗೆ ಆ ಜೀನ್ ಹಾಕಿದರೆ ಗ್ರಾಹಕ ತಯಾರಾಗುತ್ತಿತ್ತು, ಆದರೆ ಬಹುಪಾಲು ಒಳಗೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕರೆಗಂಟೆಯನ್ನು ಕೊಂಡು ತಂದು ಪೆಟ್ಟಿಗೆಯಲ್ಲೇ ಇಟ್ಟರೆ ಬಾಗಿಲಿಗೆ ಬಂದವರು ಏನನ್ನು ಒತ್ತಬೇಕು? ಅದೇ ಕಥೆ!

ಮೂಗಿನ ಕೋಶದಲ್ಲಿ ಆಗುವ ಕೆಲಸ ಬೇರೆ ಕೋಶದಲ್ಲಿ ಯಾಕೆ ಆಗುವುದಿಲ್ಲ? ಮೂಗಿನ ಕೋಶದಲ್ಲಿ ಬೇರೆ ಯಾರೋ ಸಹಾಯ ಮಾಡುತ್ತಿರಬೇಕು ಅಂತ ತಾನೇ ಅರ್ಥ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹಿರೋಅಕಿ ಮತ್ಸುನಾಮಿ ಮತ್ತು ಸಂಗಡಿಗರು ಆ ಸಹಾಯಕರನ್ನು ಹುಡುಕಿ 2004ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮುಖ್ಯವಾದವು ಆರ್‌ಟಿಪಿ-1 ಮತ್ತು ಆರ್‌ಟಿಪಿ-2 ಎಂಬ ಪ್ರೋಟೀನುಗಳು. ಗ್ರಾಹಕದ ಜೊತೆಗೆ ಇವುಗಳನ್ನೂ ಕೋಶದಲ್ಲಿ ತಯಾರಾಗುವಂತೆ ಮಾಡಿದಾಗ ಗ್ರಾಹಕ ಪೊರೆಗೆ ಬಂತು, ವಾಸನೆಗೆ ಉತ್ತರವನ್ನೂ ಕೊಟ್ಟಿತು. ಎಲ್ಲ ಗ್ರಾಹಕಗಳಿಗೂ ಈ ನೆರವು ಒಂದೇ ಪ್ರಮಾಣದಲ್ಲಿ ಬೇಕಿಲ್ಲ. ಕೆಲವು ತಾವಾಗಿಯೇ ಪೊರೆ ಸೇರಿಕೊಳ್ಳುತ್ತವೆ.

ಇದನ್ನು ತಿಳಿದು ನಮಗೇನಾಗಬೇಕು ಅಂತ ಕೇಳಬಹುದು. ಪೊರೆ ತಲುಪದ ಪ್ರೋಟೀನಿನಿಂದ ಮಕ್ಕಳ ಪ್ರಾಣಕ್ಕೇ ಅಪಾಯವಾಗುವುದುಂಟು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದಲ್ಲಿ ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ತುಂಬಿಕೊಳ್ಳುತ್ತದೆ. ಅಲ್ಲಿ ಕೆಡುವುದು ಗ್ರಾಹಕವಲ್ಲ, ಉಪ್ಪಿನ ಅಂಶವಾದ ಕ್ಲೋರೈಡನ್ನು ದಾಟಿಸುವ ಒಂದು ಪ್ರೋಟೀನು. ಅದರಲ್ಲಿರುವ ಅಮೈನೋ ಆಮ್ಲಗಳು 1480. ಬಹಳ ರೋಗಿಗಳಲ್ಲಿ 508ನೆಯದು ಒಂದೇ ಒಂದು ಇರುವುದಿಲ್ಲ. ಅಷ್ಟಕ್ಕೇ ಮಡಿಕೆ ಕೆಟ್ಟು, ಕೋಶ ಅದನ್ನು ಒಳಗೇ ತಡೆದು ನಾಶ ಮಾಡುತ್ತದೆ. ಈಗ ಅದನ್ನು ಸರಿಯಾಗಿ ಮಡಚಿ ಪೊರೆಗೆ ತಲುಪಿಸಲು ನೆರವಾಗುವ ಔಷಧಿಗಳಿವೆ. ಅಂಥ ಔಷಧಿಗಳೂ ಇರುವ, ಒಟ್ಟು ಮೂರು ಔಷಧಿ ಸೇರಿದ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಶದಲ್ಲಿ ಸಹಾಯಕ ಪ್ರೋಟೀನು ಮಾಡುವಂಥ ಕೆಲಸವನ್ನೇ ಇಲ್ಲಿ ಔಷಧಿ ಮಾಡುತ್ತದೆ ಎನ್ನಬಹುದು.

ಒಂದು ಪ್ರೋಟೀನು ತಯಾರಾದರೆ ಸಾಲದು, ಸರಿಯಾಗಿ ಮಡಚಿಕೊಂಡು ತನ್ನ ಜಾಗವನ್ನೂ ಸೇರಬೇಕು. ನನಗೆ ಈ ಪಾಠದಲ್ಲಿ ಬಹಳ ಹಿಡಿಸಿದ್ದು ಇದೇ.

ನಿಮಗೊಂದು ಪ್ರಶ್ನೆ: ಗ್ರಾಹಕ ಪೊರೆಯ ಮೇಲೇ ಇದ್ದರೂ ವಾಸನೆ ತಿಳಿಯದಿರಲು ಬೇರೆ ಏನೇನು ಕಾರಣಗಳಿರಬಹುದು? ನೆಗಡಿ ಬಂದಾಗಿನ ನಿಮ್ಮ ಮೂಗನ್ನು ನೆನೆಸಿಕೊಂಡು ಉತ್ತರ ಬರೆಯಿರಿ!

— 10ನೇ ತರಗತಿಯ ವಿದ್ಯಾರ್ಥಿನಿ