ನಾಯಿಯ ಕಜ್ಜಿಗೆ ಹಳೇ ಆಯಿಲ್ ಬೇಡ



ಒಂದು ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಮೆಲ್ಲಗೆ ಹೇಳಿದರು: "ಸಿಸ್ಟರ್, ನಮ್ಮ ನಾಯಿಗೆ ಮೈಯೆಲ್ಲ ಕಜ್ಜಿ. ಗ್ಯಾರೇಜಿಂದ ಹಳೇ ಆಯಿಲ್ ತಂದು ಹಚ್ಚಿದ್ವಿ. ಈಗ ಊಟಾನೇ ಬಿಟ್ಟಿದೆ." ಅವರ ಮಕ್ಕಳ ಕೈ, ಹೊಟ್ಟೆ ಮೇಲೂ ತುರಿಕೆಯ ಗುಳ್ಳೆಗಳಿದ್ದವು. ನಾಯಿಯನ್ನು ದೂರ ಬಿಟ್ಟು ಬರಲು ಮನೆಯವರು ಹೊರಟಿದ್ದರಂತೆ.

ಆಯಿಲ್, ಸೀಮೆಎಣ್ಣೆ ಹಚ್ಚುವುದು ನಮ್ಮ ಹಳ್ಳಿಗಳ ಹಳೇ ರೂಢಿ. ಆದರೆ ನಾಯಿ ಮೈ ನೆಕ್ಕುತ್ತದಲ್ಲ! ಆ ವಿಷ ಹೊಟ್ಟೆಗೆ ಹೋಗುತ್ತದೆ, ಚರ್ಮವೂ ಸುಡುತ್ತದೆ. ಹಚ್ಚಿದ್ದರೆ ಕೂಡಲೇ ಸೋಪು ಹಾಕಿ ತೊಳೆದು ಪಶು ಆಸ್ಪತ್ರೆಗೆ ಒಯ್ಯಿರಿ.

ಕಜ್ಜಿ ಬರುವುದು ಬರೀ ಕೊಳೆಯಿಂದಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಚರ್ಮದೊಳಗೆ ಕೊರೆದು ಮೊಟ್ಟೆಯಿಡುತ್ತವೆ. ಮೊದಲು ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಕೂದಲು ಉದುರುತ್ತದೆ. ನಾಯಿ ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಇದು ಮನುಷ್ಯರಿಗೂ ಹತ್ತುತ್ತದೆ, ಆದರೆ ನಾಯಿಯ ನುಸಿ ನಮ್ಮ ಮೈಯಲ್ಲಿ ಬಹಳ ದಿನ ಬದುಕುವುದಿಲ್ಲ. ನಾಯಿಗೆ ವಾಸಿಯಾದರೆ ಮಕ್ಕಳ ತುರಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯದಿದ್ದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ.

ಇನ್ನೊಂದು ಬಗೆಯ ನುಸಿಯಿದೆ. ಮರಿಗಳ ಕಣ್ಣು, ಬಾಯಿ ಸುತ್ತ ಕೂದಲು ಹೋಗುತ್ತದೆ, ತುರಿಕೆ ಕಡಿಮೆ, ನಮಗೆ ಅಂಟುವುದಿಲ್ಲ. ನಮ್ಮ ಕಣ್ಣಿಗೆ ಎರಡೂ ಒಂದೇ ಥರ. ಅದಕ್ಕೇ ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾಣ್ಯದ ಹಾಗೆ ಗುಂಡಗೆ ಕೂದಲು ಉದುರಿದರೆ ಹುಳುಕಡ್ಡಿ ಇರಬಹುದು, ಬೆಕ್ಕಿನ ಮರಿಗಳಲ್ಲಿ ಹೆಚ್ಚು. ಹೆಸರಲ್ಲಿ ಹುಳು ಇದ್ದರೂ ಇದು ಬೂಷ್ಟಿನ ಜಾತಿ. ಮಕ್ಕಳಿಗೆ ಬೇಗ ಅಂಟುತ್ತದೆ. ಬೆಕ್ಕು ಮಲಗುವ ಗೋಣಿಯನ್ನೂ ಬದಲಿಸಿ.

ಉಣ್ಣೆಯನ್ನು ಬೆರಳಲ್ಲಿ ಹಿಸುಕಬೇಡಿ. ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಒಂದು ಹೆಣ್ಣುಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿ ಮಲಗುವ ಮೂಲೆಯನ್ನೂ ಗುಡಿಸಿ, ಬಿರುಕು ಮುಚ್ಚಿ.

ಹಸುವಿಗೆ ತಂದ ಉಣ್ಣೆ ಔಷಧಿ ಮನೆಯಲ್ಲಿದೆ ಅಂತ ನಾಯಿಗೆ ಸುರಿಯುವವರಿದ್ದಾರೆ. ಅಳತೆ ತಪ್ಪಿದರೆ ಪ್ರಾಣಕ್ಕೇ ಅಪಾಯ. ನಾಯಿಗೆ ಹಚ್ಚುವ ಕೆಲವು ಔಷಧಿಗಳಂತೂ ಬೆಕ್ಕನ್ನು ಕೊಲ್ಲುತ್ತವೆ.

ಆ ಸದಸ್ಯೆಯ ನಾಯಿಗೆ ಡಾಕ್ಟರು ಕೆಲವು ದಿನ ಬಿಟ್ಟು ಬಿಟ್ಟು ಔಷಧಿ ಕೊಟ್ಟರು. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯೊಡೆದು ಕಜ್ಜಿ ಮತ್ತೆ ಏಳುತ್ತದೆ. ಒಂದೂವರೆ ತಿಂಗಳಲ್ಲಿ ಹೊಸ ಕೂದಲು ಬಂತು. ಈಗ ನಾವು ಹೋದರೆ ಅದು ಬೊಗಳಿಯೇ ಬೊಗಳುತ್ತದೆ!

ನಿಮ್ಮ ಮನೆಯ ನಾಯಿ, ಬೆಕ್ಕಿಗೂ ತುರಿಕೆಯಿದ್ದರೆ ಮುಂದಿನ ಸಭೆಯಲ್ಲಿ ಹೇಳಿ. ನಾಲ್ಕು ಮನೆಯವರು ಒಟ್ಟಿಗೆ ಹೋದರೆ ಆಟೋ ಬಾಡಿಗೆ ಹಂಚಿಕೊಳ್ಳಬಹುದು.