ಗ್ರೌಂಡ್ ಪೇಪರ್ ಪಾಸಾಗಬೇಕೆ? ಕಿಟಕಿಯಾಚೆ ನೋಡುತ್ತ ಓದಿ

ಪೈಲಟ್ ಆಗಬೇಕೆಂದು ಹೊರಟವರಿಗೆಲ್ಲ 200 ಗಂಟೆ ಹಾರಾಟದ ಲೆಕ್ಕ ಬಾಯಲ್ಲೇ ಇರುತ್ತದೆ. ಮೇಜಿನ ಮುಂದೆ ಕೂತು ಸವೆಸಬೇಕಾದ ಗಂಟೆಗಳ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಡಿಜಿಸಿಎ ನಡೆಸುವ ನ್ಯಾವಿಗೇಶನ್, ಮೆಟ್ (ಹವಾಮಾನ), ರೆಗ್ಯುಲೇಶನ್ಸ್, ಟೆಕ್ನಿಕಲ್ ಪೇಪರುಗಳಲ್ಲಿ ಒಂದೊಂದಕ್ಕೂ ಶೇ 70 ಬರಲೇಬೇಕು. ಮೆಟ್‌ನಲ್ಲಿ 90 ತೆಗೆದವರು ನ್ಯಾವಿಗೇಶನ್‌ನಲ್ಲಿ 68ಕ್ಕೆ ನಿಂತರೆ ಆ ಪೇಪರಿಗೆ ಮತ್ತೆ ಕೂರಬೇಕು.

1. ನ್ಯಾವಿಗೇಶನ್‌ನಿಂದಲೇ ಶುರು ಮಾಡಿ. ಅದು ಕೈಗೆ ಹತ್ತಲು ತಿಂಗಳುಗಳು ಬೇಕು. '1 ಇನ್ 60' ಸೂತ್ರವನ್ನೇ ನೋಡಿ: 60 ಮೈಲಿಗೆ 1 ಮೈಲು ಸರಿದರೆ 1 ಡಿಗ್ರಿ ತಪ್ಪಿದಂತೆ. 100 ನಾಟಿಕಲ್ ಮೈಲಿನ ದಾರಿಯಲ್ಲಿ 40 ಮೈಲು ಹಾರಿದ ಮೇಲೆ 4 ಮೈಲು ಪಕ್ಕಕ್ಕೆ ಸರಿದಿದ್ದೀರಿ. ದಿಕ್ಕು ತಪ್ಪಿರುವುದು 6 ಡಿಗ್ರಿ. ಅಷ್ಟನ್ನೇ ತಿದ್ದಿದರೆ ವಿಮಾನ ಹಳೆಯ ದಾರಿಗೆ ಸಮಾನಾಂತರವಾಗಿ ಹೋಗುತ್ತದೆ, ಊರು ಮಾತ್ರ ಸಿಗುವುದಿಲ್ಲ. ಉಳಿದ 60 ಮೈಲಿಗೆ ಇನ್ನೂ 4 ಡಿಗ್ರಿ ಸೇರಿಸಿ ಒಟ್ಟು 10 ತಿರುಗಿಸಬೇಕು. ಉತ್ತರದ ಆಯ್ಕೆಗಳಲ್ಲಿ 6 ನಿಮ್ಮನ್ನೇ ಕಾಯುತ್ತ ಕೂತಿರುತ್ತದೆ.

2. ಫ್ಲೈಟ್ ಕಂಪ್ಯೂಟರನ್ನು ದಿನಕ್ಕೆ 20 ನಿಮಿಷ ತಿರುಗಿಸಿ. ಆ ಗುಂಡು ಚಕ್ರ ನೋಡಿದರೆ ಬರುವುದಿಲ್ಲ, ತಿರುಗಿಸಿದರೆ ಬರುತ್ತದೆ.

3. ಪುಸ್ತಕದ ಅಂಕಿಯನ್ನು ನಿಮ್ಮೂರಿಗೆ ತನ್ನಿ. ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ. ಪ್ರತಿ 1000 ಅಡಿಗೆ ಹತ್ತಿರಹತ್ತಿರ 2 ಡಿಗ್ರಿ ಇಳಿಕೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಇರುವುದು ಸುಮಾರು 3000 ಅಡಿಯಲ್ಲಿ, ಅಂದರೆ ಲೆಕ್ಕದ ಪ್ರಕಾರ ಅಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 33 ಇದೆ ಎನ್ನಿ. ಹೆಚ್ಚಾದ 24 ಡಿಗ್ರಿಯನ್ನು, ಡಿಗ್ರಿಗೆ 120 ಅಡಿಯಂತೆ, ಗುಣಿಸಿದರೆ 2880; ಅದನ್ನು 3000ಕ್ಕೆ ಕೂಡಿಸಿ. ಒತ್ತಡ ಸ್ಟ್ಯಾಂಡರ್ಡ್ ಇದ್ದರೆ, ನೆಲದ ಮೇಲೆ ನಿಂತ ವಿಮಾನಕ್ಕೆ ತಾನು ಸುಮಾರು 5900 ಅಡಿಯ ತೆಳುಗಾಳಿಯಲ್ಲಿರುವಂತೆ! ರನ್‌ವೇ ಯಾಕೆ ಉದ್ದ ಬೇಕು, ಏರಿಕೆ ಯಾಕೆ ಮಂದವಾಗುತ್ತದೆ ಎಂಬುದು ಇಷ್ಟರಲ್ಲೇ ಬಂತು. ಡೆನ್ಸಿಟಿ ಆಲ್ಟಿಟ್ಯೂಡ್‌ನ ವ್ಯಾಖ್ಯೆಯನ್ನು ಹತ್ತು ಸಲ ಬರೆದವರಿಗಿಂತ ಈ ಲೆಕ್ಕ ಒಂದು ಸಲ ಮಾಡಿದವರೇ ವಾಸಿ.

4. ಬೆಳಿಗ್ಗೆ ಕಾಫಿ ಜೊತೆ ಒಂದು ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ, ಓದಿ. ಬೆಂಗಳೂರು ವಿಮಾನ ನಿಲ್ದಾಣದ ಕೋಡ್ ವಿಒಬಿಎಲ್. '0030 ಝೆಡ್' ಎಂದಿದ್ದರೆ ಐದೂವರೆ ಗಂಟೆ ಸೇರಿಸಿ, ನಮ್ಮ ಬೆಳಗಿನ ಆರು. ಜನವರಿಯಲ್ಲಿ ಉಷ್ಣಾಂಶ, ಡ್ಯೂ ಪಾಯಿಂಟ್ ಎರಡೂ 16 ತೋರಿಸಿ, ಗಾಳಿ ಮೆತ್ತಗಿದ್ದರೆ ಎದ್ದು ಕಿಟಕಿ ತೆಗೆಯಿರಿ. ಎದುರು ಮನೆ ಮಬ್ಬಾಗಿ ಕಂಡರೆ ರೇಡಿಯೇಶನ್ ಫಾಗ್ ಪಾಠ ಮುಗಿದ ಹಾಗೆ. ಗೋಚರತೆ 1000 ಮೀಟರಿಗಿಂತ ಕಡಿಮೆಯಾದರೆ ಫಾಗ್, ಅದಕ್ಕಿಂತ ಹೆಚ್ಚಿದ್ದು 5000ದೊಳಗಿದ್ದರೆ ಮಿಸ್ಟ್. ಏಪ್ರಿಲ್‌ನ ಮಾವಿನ ಮಳೆ ಗುಡುಗುವಾಗಲೂ ಇದೇ ಅಭ್ಯಾಸ.

5. ರೆಗ್ಯುಲೇಶನ್ಸ್ ಮಾತ್ರ ಬಾಯಿಪಾಠವೇ. ಇಲ್ಲಿ ತರ್ಕ ಕೆಲವೊಮ್ಮೆ ಕೈಕೊಡುತ್ತದೆ. ರಸ್ತೆಯಲ್ಲಿ ಎದುರು ಗಾಡಿ ಬಂದರೆ ಎಡಕ್ಕೆ ಸರಿಯುವ ನಾವು, ಆಕಾಶದಲ್ಲಿ ಎದುರು ವಿಮಾನ ಬಂದರೆ ಬಲಕ್ಕೆ ತಿರುಗಬೇಕು. ಎದುರಿನವರದೂ ಬಲಕ್ಕೇ.

6. ಪ್ರಶ್ನೆ ಬ್ಯಾಂಕನ್ನು ಕೊನೆಗೆ ತೆರೆಯಿರಿ. ಮೊದಲ ದಿನವೇ ಅದಕ್ಕೆ ಜೋತುಬಿದ್ದವರು ಆಯ್ಕೆಯ ಜಾಗ ನೆನಪಿಟ್ಟುಕೊಳ್ಳುತ್ತಾರೆ, ಪ್ರಶ್ನೆಯನ್ನಲ್ಲ. ತಪ್ಪಿದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪರೀಕ್ಷೆಯ ಹಿಂದಿನ ರಾತ್ರಿ ಅದೊಂದು ಸಾಕು.

7. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಖಾಲಿ ಬಿಟ್ಟು ಬರಬೇಡಿ.

8. ರೇಡಿಯೊ ಪರೀಕ್ಷೆಗೆ ನಾಲಿಗೆ ಪಳಗಬೇಕು. ಅಲ್ಲಿ ತ್ರೀ ಅಲ್ಲ 'ಟ್ರೀ', ನೈನ್ ಅಲ್ಲ 'ನೈನರ್'. ಇದಕ್ಕೆ ಪುಸ್ತಕವೂ ಬೇಡ. ಬಸ್ ಸ್ಟಾಪಿನಲ್ಲಿ ನಿಂತಾಗ ಎದುರಿಗೆ ಬಂದ ಗಾಡಿಯ ನಂಬರ್ ಓದಿ: ಕಿಲೋ ಆಲ್ಫಾ ಝೀರೋ ವನ್ ಫಾಕ್ಸ್‌ಟ್ರಾಟ್... ಗಟ್ಟಿಯಾಗಿಯೇ ಓದಿ. ಕಂಡಕ್ಟರ್ ತಿರುಗಿ ನೋಡಿದರೆ ನೋಡಲಿ.